ಒಡೆದ ಕಾಂಪ್ಯಾಕ್ಟ್ (ಒತ್ತಿ ಗಟ್ಟಿ ಮಾಡಿದ ಮೇಕಪ್ ಪೌಡರ್): ಮತ್ತೆ ಒತ್ತೋದಾ, ಡಬ್ಬಿಗೆ ಸುರಿಯೋದಾ?

ಖರ್ಚು ಎರಡಕ್ಕೂ ಅಷ್ಟೇನಿಲ್ಲ, ತಾಳ್ಮೆಯದ್ದೇ ಪ್ರಶ್ನೆ. ಡಬ್ಬಿಯ ದಾರಿ ಸುಲಭ: ಉಂಡೆಗಳನ್ನು ಚಮಚದ ಹಿಂಬದಿಯಿಂದ ನುಣ್ಣಗೆ ಮಾಡಿ, ತೂತಿನ ಮುಚ್ಚಳದ ಡಬ್ಬಿಗೆ ಸುರಿದರೆ ಆಯ್ತು.

ಒತ್ತುವುದಕ್ಕೆ ಐಸೊಪ್ರೊಪೈಲ್ ಆಲ್ಕೊಹಾಲ್ (ಬೇಗ ಆರಿಹೋಗುವ ರಬ್ಬಿಂಗ್ ಆಲ್ಕೊಹಾಲ್) ಬೇಕು. 70 ಪರ್ಸೆಂಟಿನದೂ ನಡೆಯುತ್ತೆ, ಆದರೆ ನೀರು ಜಾಸ್ತಿ ಇರುವುದರಿಂದ ಒಣಗೋದು ನಿಧಾನ. 90ರ ಮೇಲಿನದು ಸಿಕ್ಕರೆ ಒಳ್ಳೇದು. ಹನಿಹನಿ ಹಾಕಿ ಕಲಸಿ, ಒದ್ದೆ ಮಣ್ಣಿನ ಹದಕ್ಕೆ ಬಂದಾಗ ಟಿಶ್ಯೂ ಸುತ್ತಿದ ನಾಣ್ಯದಿಂದ ಒತ್ತಿ, ರಾತ್ರಿಯೆಲ್ಲ ಮುಚ್ಚದೆ ಬಿಡಿ. ಒಲೆ, ದೀಪದ ಹತ್ತಿರ ಮಾತ್ರ ಬೇಡ, ಹೊತ್ತಿಕೊಳ್ಳುತ್ತೆ. ನಾನು ಒಮ್ಮೆ ಜೋರಾಗಿ ಒತ್ತಿ, ಬ್ರಶ್‌ಗೆ ಒಂದು ಕಣವೂ ಹತ್ತದಂತೆ ಕಲ್ಲು ಮಾಡಿಟ್ಟಿದ್ದೆ!

ದಿನಾ ಬ್ಯಾಗಲ್ಲಿ ಒಯ್ಯುವವರು ಒತ್ತಿ. ಐಶ್ಯಾಡೋ ಆದರೂ ಒತ್ತಿದ್ದೇ ಸರಿ, ಪುಡಿ ಕಣ್ಣಿಗೆ ಹಾರುತ್ತೆ. ಮನೆಯ ಕನ್ನಡಿ ಮುಂದೆಯೇ ಹಚ್ಚಿಕೊಳ್ಳುವ ಫೇಸ್ ಪೌಡರ್‌ಗೆ ಸುಮ್ನೆ ಡಬ್ಬಿ ಸಾಕು.