ಕೀ ಆಫ್ ಮಾಡಿದ ಮೇಲೆ ಡಬ್ ಅನ್ನುವ ಮೋವರ್ ತಗೋಬೇಡಿ

ಅಮೆರಿಕದಲ್ಲಿ ಮನೆ ತಗೊಂಡು, ಹಿಂದೆ ಮುಂದೆ ಜಾಗ ಜಾಸ್ತಿ ಇದೆ ಅಂತ ಸೆಕೆಂಡ್ ಹ್ಯಾಂಡ್ ರೈಡಿಂಗ್ ಮೋವರ್ (ಮೇಲೆ ಕೂತು ಓಡಿಸುತ್ತಾ ಹುಲ್ಲು ಕತ್ತರಿಸುವ ಗಾಡಿ) ಹುಡುಕುತ್ತಿರುವವರಿಗೆ ಈ ಬರಹ. ನಾವಿರುವ ನಾರ್ತ್ ಕ್ಯಾರೊಲೈನಾದಲ್ಲಿ ಯುಗಾದಿ ಹೊತ್ತಿಗೆ ಹುಲ್ಲು ಜೋರಾಗಿ ಬೆಳೆಯಲು ಶುರುವಾಗುತ್ತದೆ. ಹುಲ್ಲು ಬೆಳೆದಿದೆ ಅಂತ ಹೋಮ್ ಓನರ್ಸ್ ಅಸೋಸಿಯೇಷನ್‌ನವರ (ಬಡಾವಣೆಯ ಮನೆ ಮಾಲೀಕರ ಸಂಘ) ಕಾಗದ ಬರುವ ಮುಂಚೆ ಒಂದು ಗಾಡಿ ಬೇಕು ಅಂತ ಎಲ್ಲರಿಗೂ ಅವಸರ. ಮಾರುವವರಿಗೂ ಅದು ಚೆನ್ನಾಗಿ ಗೊತ್ತು.

ನಾನು ತಂದದ್ದು ಒಂದೇ ಸಿಲಿಂಡರಿನ, 42 ಇಂಚಿನ ಡೆಕ್ (ಬ್ಲೇಡುಗಳನ್ನು ಮುಚ್ಚುವ ತಗಡಿನ ಭಾಗ) ಇರುವ ಗಾಡಿ. ನೋಡಲು ಚೆನ್ನಾಗಿತ್ತು. ನಾವು ಹೋಗುವಷ್ಟರಲ್ಲಿ ಮಾರುವವರು ಎಂಜಿನ್ ಓಡಿಸಿ ಬಿಸಿ ಮಾಡಿ ಇಟ್ಟಿದ್ದರು. ಅಂಗಳದಲ್ಲಿ ಎರಡು ಸುತ್ತು ಹೊಡೆದು ತೋರಿಸಿದರು. ಆಮೇಲೆ ಎಂಜಿನ್ ವೇಗದ ಹಿಡಿ, ಅಂದರೆ ಥ್ರಾಟಲ್, ಪೂರ್ತಿ ಇಳಿಸಿ, ಅದೂ ಇದೂ ಮಾತಾಡುತ್ತಾ ಒಂದಷ್ಟು ಹೊತ್ತು ಹಾಗೇ ಬಿಟ್ಟು, ನಿಧಾನಕ್ಕೆ ಕೀ ತಿರುಗಿಸಿದರು. ಎಷ್ಟು ಜೋಪಾನ ಮಾಡುತ್ತಾರಪ್ಪಾ ಅಂದುಕೊಂಡೆವು. ಜೋಪಾನ ನಿಜ, ಆದರೆ ಅದು ಗಾಡಿಗಲ್ಲ, ಗುಟ್ಟಿಗೆ.

ಮನೆಗೆ ತಂದು ಹುಲ್ಲು ಕತ್ತರಿಸಿ ಕೀ ಆಫ್ ಮಾಡಿದೆ. ಎಂಜಿನ್ ನಿಂತಿತು. ಒಂದೆರಡು ಸೆಕೆಂಡ್ ಬಿಟ್ಟು ಸೈಲೆನ್ಸರ್‌ನಿಂದ ಡಬ್ ಅಂತ ಸದ್ದು. ಪಕ್ಕದ ಮನೆಯ ಅಜ್ಜ ಬೇಲಿ ಹತ್ತಿರ ಬಂದು, ಯಾರಾದರೂ ಗುಂಡು ಹೊಡೆದರಾ ಅಂತ ಕೇಳಿದರು. ಈ ದೇಶದಲ್ಲಿ ಅದನ್ನು ಯಾರೂ ತಮಾಷೆಗೆ ಕೇಳುವುದಿಲ್ಲ. ಪ್ರತಿ ಸಲವೂ ಇದೇ ಕಥೆ. ಕೊನೆಗೆ ಸೈಲೆನ್ಸರ್‌ನ ಬೆಸುಗೆಯೇ ಬಾಯಿ ಬಿಟ್ಟಿತು.

ರಿಪೇರಿ ಅಂಗಡಿಗೆ ಹಾಕಿದೆ. ಸ್ಪಾರ್ಕ್ ಪ್ಲಗ್ ಬದಲಾಯಿಸಿದರು, ಪ್ಲಗ್‌ಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಬದಲಾಯಿಸಿದರು, ಒಡೆದಿದ್ದ ಸೈಲೆನ್ಸರ್ ತೆಗೆದು ಹೊಸದು ಹಾಕಿದರು. ಬಿಲ್ 300 ಡಾಲರ್ ದಾಟಿತು. ತಣ್ಣಗಿರುವ ಎಂಜಿನ್ ಅನ್ನು ಐದು ನಿಮಿಷ ಓಡಿಸಿ, ಸರಿಯಾಗಿದೆ ತಗೊಂಡು ಹೋಗಿ ಅಂದರು. ಬಿಸಿಲಲ್ಲಿ ಅರ್ಧ ಗಂಟೆ ಹುಲ್ಲು ಕತ್ತರಿಸಿದ ಮೇಲೆ ಮತ್ತೆ ಡಬ್. ನನಗೆ ಸಿಟ್ಟು ಬಂದದ್ದು ದುಡ್ಡಿಗಿಂತ ಹೆಚ್ಚಾಗಿ ಒಂದು ವಿಷಯಕ್ಕೆ. ಸದ್ದು ಯಾವಾಗ ಬರುತ್ತದೆ ಅಂತ ಅವರು ಒಮ್ಮೆಯೂ ಕೇಳಲೇ ಇಲ್ಲ.

ಅದೇ ಅಲ್ವಾ ಮೊದಲು ಕೇಳಬೇಕಾದ್ದು? ಓಡುವಾಗ, ಪೆಟ್ರೋಲ್‌ಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಕಡೆಯಿಂದ ಪಟ್ ಪಟ್ ಅಂದರೆ, ಪೆಟ್ರೋಲ್ ಸಾಲದೆ ಗಾಳಿ ಜಾಸ್ತಿಯಾಗಿರಬಹುದು. ಪೆಟ್ರೋಲ್ ಹೋಗುವ ಸಣ್ಣ ತೂತಿನಲ್ಲಿ, ಅಂದರೆ ಜೆಟ್‌ನಲ್ಲಿ, ಕಸ ಕಟ್ಟಿರುತ್ತದೆ, ಇಲ್ಲವೇ ಕಾರ್ಬ್ಯುರೇಟರ್ ಮತ್ತು ಎಂಜಿನ್ ನಡುವಿನ ಗ್ಯಾಸ್ಕೆಟ್ ಸೀಳಿರುತ್ತದೆ. ಇನ್‌ಟೇಕ್ ವಾಲ್ವ್ ಸರಿಯಾಗಿ ಕೂರದಿದ್ದರೂ ಹೀಗೇ. ಓಡುವಾಗಲೇ ಸೈಲೆನ್ಸರ್‌ನಲ್ಲಿ ಸದ್ದು ಬಂದರೆ ಸ್ಪಾರ್ಕ್ ಆಗಾಗ ತಪ್ಪುತ್ತಿದೆಯಾ, ಎಕ್ಸಾಸ್ಟ್ ವಾಲ್ವ್ ಸೋರುತ್ತಿದೆಯಾ ನೋಡಬೇಕು. ಎಂಜಿನ್‌ನ ಭಾರದ ಚಕ್ರವಾದ ಫ್ಲೈವೀಲ್ ಅನ್ನು ಶಾಫ್ಟಿನ ಮೇಲೆ ಸರಿಯಾದ ಜಾಗದಲ್ಲಿ ಕೂರಿಸುವ ಸಣ್ಣ ಲೋಹದ ತುಂಡು, ಅಂದರೆ ಫ್ಲೈವೀಲ್ ಕೀ, ತುಂಡಾಗಿದ್ದರೆ ಸ್ಪಾರ್ಕಿನ ಟೈಮಿಂಗ್ ತಪ್ಪುತ್ತದೆ. ಆದರೆ ಅದು ತಳ್ಳುವ ಮೋವರ್‌ಗಳಲ್ಲೇ ಜಾಸ್ತಿ. ಅವುಗಳ ಬ್ಲೇಡು ನೇರ ಎಂಜಿನ್ ಶಾಫ್ಟಿಗೇ ಇರುವುದರಿಂದ, ಕಲ್ಲಿಗೆ ಬಡಿದ ಏಟು ಈ ಫ್ಲೈವೀಲ್ ಕೀಗೆ ಬೀಳುತ್ತದೆ. ರೈಡಿಂಗ್ ಮೋವರ್‌ನಲ್ಲಿ ನಡುವೆ ಬೆಲ್ಟ್ ಇರುತ್ತದೆ.

ಆಫ್ ಮಾಡಿದ ಮೇಲೆ ಮಾತ್ರ ಸದ್ದು ಬಂದರೆ ದಾರಿಯೇ ಬೇರೆ. ಕೀ ತಿರುಗಿಸಿದ ತಕ್ಷಣ ಸ್ಪಾರ್ಕ್ ನಿಲ್ಲುತ್ತದೆ, ಫ್ಲೈವೀಲ್ ಮಾತ್ರ ಇನ್ನೂ ಕೆಲವು ಸುತ್ತು ಹೊಡೆಯುತ್ತದೆ. ಆ ಸುತ್ತುಗಳಲ್ಲಿ ಎಂಜಿನ್ ಪೆಟ್ರೋಲ್ ಎಳೆದುಕೊಂಡು, ಸುಡದೆ ಹಾಗೇ ಕಾದ ಸೈಲೆನ್ಸರ್‌ಗೆ ತಳ್ಳುತ್ತದೆ. ಅಲ್ಲಿ ಅದು ಹೊತ್ತಿಕೊಳ್ಳುತ್ತದೆ. ಥ್ರಾಟಲ್ ಇಳಿಸಿ ಸ್ವಲ್ಪ ಹೊತ್ತು ಬಿಟ್ಟು ಆಫ್ ಮಾಡಿದರೆ ಹೀಗೆ ಹೋಗುವ ಪೆಟ್ರೋಲ್ ಕಡಿಮೆ, ಸದ್ದು ಬರದೇ ಇರಬಹುದು. ಮಾರುವವರು ಮಾಡಿದ್ದು ಅದನ್ನೇ. ಇದನ್ನು ತಡೆಯಲೆಂದೇ ಬಹಳಷ್ಟು ರೈಡಿಂಗ್ ಮೋವರ್‌ಗಳಲ್ಲಿ ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲಿನ ತಳದಲ್ಲಿ ಒಂದು ಫ್ಯುಯಲ್ ಸೊಲೆನಾಯ್ಡ್, ಅಂದರೆ ಕರೆಂಟಿನಿಂದ ಕೆಲಸ ಮಾಡುವ ವಾಲ್ವ್, ಇರುತ್ತದೆ. ಕೀ ಆನ್ ಇದ್ದಾಗ 12 ವೋಲ್ಟ್ ಹರಿದು ಅದರ ಮೊಳೆ ಕೆಳಗಿಳಿಯುತ್ತದೆ, ಪೆಟ್ರೋಲ್ ಹೋಗುತ್ತದೆ. ಆಫ್ ಮಾಡಿದರೆ ಸ್ಪ್ರಿಂಗ್ ಮೊಳೆಯನ್ನು ಮೇಲೆ ತಳ್ಳಿ ಜೆಟ್ ಮುಚ್ಚುತ್ತದೆ.

ಬೇಸಿಗೆಗೆ ಊರಿಂದ ಅಪ್ಪ ಬಂದಿದ್ದರು. ತಿಪಟೂರು ಕಡೆ ತೋಟದ ಪಂಪ್‌ಸೆಟ್ ಎಂಜಿನ್‌ಗಳ ಜೊತೆ ಹೆಣಗಿ ಹೆಣಗಿ ಪಳಗಿದ ಕೈ. ಅವರು ಮೊದಲು ಎಳೆದದ್ದು ಆಯಿಲ್ ಕಡ್ಡಿ.

"ಆಯಿಲ್ ಎಷ್ಟಿದೆ ಅಂತ ನೋಡಿದ್ಯೇನೋ? ತುಂಬಿ ತುಳುಕ್ತಿದೆ. ಬಾ ಇಲ್ಲಿ, ಮೂಸು ಇದನ್ನ."

ಮೂಸಿದೆ. ಪೆಟ್ರೋಲ್ ಬಂಕಿನಲ್ಲಿ ನಿಂತ ಹಾಗಿತ್ತು. ಆಯಿಲ್ ಫುಲ್ ಗೆರೆಗಿಂತ ಎಷ್ಟೋ ಮೇಲಿತ್ತು.

ಬ್ಯಾಟರಿ ವೈರು ಬಿಚ್ಚಿ, ಕೆಳಗೆ ಒಂದು ಡಬ್ಬಿ ಇಟ್ಟುಕೊಂಡು ಸೊಲೆನಾಯ್ಡ್ ಬಿಚ್ಚಿದೆವು. ಹೆಬ್ಬೆರಳಿನ ಗಾತ್ರದ ವಸ್ತು. ತುದಿಯಲ್ಲಿ ಮೊಳೆ ಇರಬೇಕಾದ ಕಡೆ ಗಿಡ್ಡ ಮೋಟು ಇತ್ತು. ಅದರ ಎರಡೂ ಕಡೆ ಕಟಿಂಗ್ ಪ್ಲೈಯರ್ ಒತ್ತಿದ ಗುರುತು, ನಡುವೆ ಸಣ್ಣ ಏಣು. ಸವೆದದ್ದಲ್ಲ, ಮುರಿದದ್ದೂ ಅಲ್ಲ. ಯಾರೋ ಬೇಕಂತಲೇ ಕತ್ತರಿಸಿದ್ದರು.

ಯಾಕೆ ಅಂದರೆ, ಸೊಲೆನಾಯ್ಡ್ ಕೆಟ್ಟಾಗ ಮೊಳೆ ಕೆಳಗಿಳಿಯುವುದಿಲ್ಲ, ಜೆಟ್ ಮುಚ್ಚಿಕೊಂಡೇ ಇರುತ್ತದೆ, ಎಂಜಿನ್ ಓಡುವುದಿಲ್ಲ. ಹೊಸದು ಹಾಕುವ ಬದಲು ಮೊಳೆಯ ತುದಿ ಕತ್ತರಿಸಿದರೆ ಪೆಟ್ರೋಲ್ ಸದಾ ಹರಿಯುತ್ತದೆ, ಎಂಜಿನ್ ಸ್ಟಾರ್ಟ್ ಆಗುತ್ತದೆ. ಒಂದು ಪೈಸೆ ಖರ್ಚಿಲ್ಲ. ಎಷ್ಟೋ ಜನ ಇದನ್ನು ಜಾಣತನ ಅಂತ ಹೇಳಿಕೊಡುತ್ತಾರೆ. ನನ್ನ ಪ್ರಕಾರ ಇದು ಬೇರೆಯವರ ತಲೆಗೆ ಕಟ್ಟುವ ಕೆಲಸ, ಅಷ್ಟೇ.

ನಮ್ಮ ಗಾಡಿಯಲ್ಲಿ ಟ್ಯಾಂಕ್ ಕಾರ್ಬ್ಯುರೇಟರ್‌ಗಿಂತ ಮೇಲಿದೆ. ಬಟ್ಟಲು ತುಂಬಿದಾಗ ಪೆಟ್ರೋಲ್ ನಿಲ್ಲಿಸಬೇಕಾದ ಫ್ಲೋಟ್ ನೀಡಲ್ ಕೂಡ ಸೋರುತ್ತಿತ್ತು. ಹಾಗಾಗಿ ಗಾಡಿ ಸುಮ್ನೆ ನಿಂತಾಗಲೂ ಪೆಟ್ರೋಲ್ ಇಳಿದು ಸಿಲಿಂಡರಿಗೆ, ಅಲ್ಲಿಂದ ಆಯಿಲ್‌ಗೆ ಸೇರುತ್ತಿತ್ತು. ತೆಳುವಾದ ಆಯಿಲ್‌ನಲ್ಲಿ ಓಡಿದರೆ ಬೇರಿಂಗ್ ಸವೆದು ಎಂಜಿನ್ನೇ ಹೋಗುತ್ತದೆ. ಸಿಲಿಂಡರ್ ತುಂಬ ಪೆಟ್ರೋಲ್ ನಿಂತಿದ್ದಾಗ ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ನಮ್ಮ ಗ್ಯಾರೇಜಿನಲ್ಲಿ ಗ್ಯಾಸ್ ವಾಟರ್ ಹೀಟರ್ ಬೇರೆ ಇದೆ. ಅದರ ಉರಿಗೆ ಪೆಟ್ರೋಲ್ ಆವಿ ತಾಗಿದ್ದರೆ ಅಂತ ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಅದಕ್ಕೇ ಈ ಕೆಲಸವನ್ನು ತಣ್ಣಗಿರುವ ಗಾಡಿಯಲ್ಲಿ, ಗ್ಯಾರೇಜಿನ ಹೊರಗೇ ಮಾಡಿ.

ಹೊಸ ಸೊಲೆನಾಯ್ಡ್ 30 ಡಾಲರ್ ಒಳಗೇ ಸಿಕ್ಕಿತು. ಅದನ್ನೊಂದೇ ಹಾಕಿದ್ದರೆ ಸದ್ದು ನಿಲ್ಲುತ್ತಿತ್ತು, ಸೋರಿಕೆ ನಿಲ್ಲುತ್ತಿರಲಿಲ್ಲ. ಫ್ಲೋಟ್ ನೀಡಲ್, ಆಯಿಲ್, ಫಿಲ್ಟರ್ ಎಲ್ಲವನ್ನೂ ಬದಲಾಯಿಸಿದೆವು. ಸದ್ದು ಪೂರ್ತಿ ಹೋಯಿತು.

ಮಾರಿದವರಿಗೆ ಮೆಸೇಜ್ ಮಾಡಿದೆ. ಇದ್ದ ಹಾಗೆ ಕೊಟ್ಟಿದ್ದೇನೆ ಅಂತ ಉತ್ತರ ಬಂತು. ಅಂಗಡಿಯವರು ಕಾಯಿಲ್ ದುಡ್ಡು ವಾಪಸ್ ಕೊಡಲಿಲ್ಲ.

ನೀವು ನೋಡಲು ಹೋದರೆ, ಎಂಜಿನ್ ಮುಟ್ಟಿ ನೋಡುವ ಮೊದಲು ಅದರ ಹತ್ತಿರ ಕೈ ಹಿಡಿಯಿರಿ. ಬಿಸಿ ಇದ್ದರೆ, ತಣ್ಣಗಾದ ಮೇಲೆ ಬರುತ್ತೇನೆ ಅನ್ನಿ. ಆಯಿಲ್ ಕಡ್ಡಿ ಎಳೆದು ಮಟ್ಟ ನೋಡಿ, ಮೂಸಿ. ಆಮೇಲೆ ಸ್ಟಾರ್ಟ್ ಮಾಡದೆ ಕೀ ಆನ್ ಮಾತ್ರ ಮಾಡಿ. ಕಾರ್ಬ್ಯುರೇಟರ್ ಕೆಳಗೆ ಟಕ್ ಅನ್ನಬೇಕು. ಕೆಲವು ಗಾಡಿಗಳಲ್ಲಿ ಸೊಲೆನಾಯ್ಡ್ ಇರುವುದೇ ಇಲ್ಲ, ಬಗ್ಗಿ ನೋಡಿ. ಇದ್ದೂ ಟಕ್ ಅನ್ನದೆ, ಆದರೂ ಎಂಜಿನ್ ಚೆನ್ನಾಗಿ ಓಡಿದರೆ ಒಳಗೆ ಮೊಳೆಗೆ ಕತ್ತರಿ ಬಿದ್ದಿರಬಹುದು ಅಂತ ಅನುಮಾನಪಡಿ. ಹತ್ತು ಹದಿನೈದು ನಿಮಿಷ ನೀವೇ ಓಡಿಸಿ, ನೀವೇ ಆಫ್ ಮಾಡಿ. ಸೊಲೆನಾಯ್ಡ್ ಇರುವ ಕೆಲವು ಎಂಜಿನ್‌ಗಳನ್ನು ಅರ್ಧಕ್ಕಿಂತ ಹೆಚ್ಚು ಥ್ರಾಟಲ್‌ನಲ್ಲೇ ನಿಲ್ಲಿಸಿ ಅಂತ ಮ್ಯಾನುಯಲ್‌ನಲ್ಲೇ ಇರುತ್ತದೆ. ನೀವು ಹಾಗೆ ನಿಲ್ಲಿಸಲು ಹೋದಾಗ ಮಾರುವವರು ಬೇಡ ಬೇಡ ಅಂತ ಅಡ್ಡ ಬಂದರೆ, ದುಡ್ಡು ಜೇಬಿನಲ್ಲೇ ಇರಲಿ.

ಈಗಾಗಲೇ ಇಂಥ ಗಾಡಿ ಮನೆಯಲ್ಲಿದ್ದರೆ, ಪಾರ್ಟ್ ಬರುವ ತನಕ ಪೆಟ್ರೋಲ್ ಪೈಪಿನ ವಾಲ್ವ್ ಮುಚ್ಚಿಡಿ. ವಾಲ್ವ್ ಇಲ್ಲದಿದ್ದರೆ ಒಂದು ಹಾಕಿಸಿಕೊಳ್ಳಿ, ಕೆಲವೇ ಡಾಲರ್ ಆಗುತ್ತದೆ. ಕಡ್ಡಿಯಲ್ಲಿ ಪೆಟ್ರೋಲ್ ವಾಸನೆ ಬಂದರೆ ಆಯಿಲ್ ಬದಲಾಯಿಸುವ ತನಕ ಸ್ಟಾರ್ಟ್ ಮಾಡಲೇಬೇಡಿ.