ಎನ್‌ಜಾಯ್ 2016: ಹಲವು ವರ್ಷಗಳ ಬಳಕೆಯ ನಂತರ

ನ್ಯೂಟ್ರಾನ್ ಬಡಿದರೆ ಉಕ್ಕು ಎಷ್ಟು ಬಿಸಿಯಾಗುತ್ತದೆ, ಎಷ್ಟು ಪರಮಾಣುಗಳು ಜಾಗ ತಪ್ಪುತ್ತವೆ, ಒಳಗೆ ಎಷ್ಟು ಹೀಲಿಯಂ ಹುಟ್ಟುತ್ತದೆ? ನ್ಯೂಕ್ಲಿಯರ್ ದತ್ತಾಂಶವನ್ನು ನಿಗದಿತ ರೂಪದಲ್ಲಿ ಇಡುವ ಇಎನ್‌ಡಿಎಫ್ ಕಡತ ತೆರೆದರೆ ಈ ಉತ್ತರಗಳು ಸಾಮಾನ್ಯವಾಗಿ ಸಿದ್ಧವಾಗಿ ಸಿಗುವುದಿಲ್ಲ. ಅಲ್ಲಿರುವುದು ಕ್ರಾಸ್ ಸೆಕ್ಷನ್ (ಪ್ರಕ್ರಿಯೆ ನಡೆಯುವ ಸಾಧ್ಯತೆಯ ಅಳತೆ), ಕ್ಯೂ ಮೌಲ್ಯ (ಪ್ರಕ್ರಿಯೆಯಲ್ಲಿ ಬಿಡುಗಡೆಯಾಗುವ ಅಥವಾ ಖರ್ಚಾಗುವ ಶಕ್ತಿ), ಹೊರಬರುವ ಕಣಗಳ ಕೋನ ಮತ್ತು ಶಕ್ತಿಯ ಹಂಚಿಕೆ. ಉಳಿದದ್ದನ್ನು ಲೆಕ್ಕ ಹಾಕಿ ತೆಗೆಯಬೇಕು. ಅದಕ್ಕೆ ನಾನು ನೆಚ್ಚಿಕೊಂಡಿರುವುದು ಲಾಸ್ ಅಲಾಮೋಸ್ ಪ್ರಯೋಗಾಲಯದ ಎನ್‌ಜಾಯ್. ಫೋರ್ಟ್ರಾನ್‌ನಲ್ಲಿ ಬರೆದ ಈ ತಂತ್ರಾಂಶದ 2016ರ ಆವೃತ್ತಿ ಮುಕ್ತವಾಗಿ ಸಿಗುತ್ತದೆ.

ಇದರ ಜೀವಾಳ ಹೀಟರ್ ಎಂಬ ಘಟಕ. ಒಳಬಂದ ಶಕ್ತಿಗೆ ಕ್ಯೂ ಮೌಲ್ಯ ಕೂಡಿಸಿ, ನ್ಯೂಟ್ರಾನ್ ಮತ್ತು ಗಾಮಾ ಹೊತ್ತೊಯ್ದದ್ದನ್ನು ಕಳೆದರೆ ಉಳಿಯುವುದೇ ಅಲ್ಲಿ ಬೀಳುವ ಶಾಖ. ಅದು ಎಂಟಿ 301; ಎಂಟಿ ಎಂದರೆ ಕಡತದಲ್ಲಿ ಪ್ರತಿ ಪ್ರಕ್ರಿಯೆಗೆ ಅಥವಾ ಪ್ರಮಾಣಕ್ಕೆ ಕೊಡುವ ಗುರುತುಸಂಖ್ಯೆ. ಕೇಳಲು ಸರಳ. ಆದರೆ ಕಬ್ಬಿಣ-56 ನಿಧಾನ ನ್ಯೂಟ್ರಾನನ್ನು ಹಿಡಿದಾಗ ಬಿಡುಗಡೆಯಾಗುವ ಸುಮಾರು 7.6 ಮೆಗಾ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಬಹುಪಾಲು ಗಾಮಾ ಪಾಲು. ನ್ಯೂಕ್ಲಿಯಸ್ಸಿಗೆ ಸಿಗುವುದು ಕೆಲವು ನೂರು ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಕಡತದ ಗಾಮಾ ದತ್ತಾಂಶ ಶೇಕಡಾ 1ರಷ್ಟು ಹೆಚ್ಚಾಗಿದ್ದರೂ ವ್ಯತ್ಯಾಸ 76 ಸಾವಿರ ಎಲೆಕ್ಟ್ರಾನ್ ವೋಲ್ಟ್ ಆಗಿ, ಶಾಖ ಋಣಾತ್ಮಕಕ್ಕೆ ಇಳಿಯುತ್ತದೆ. ಹೀಟರ್ ಆ ಅಂಕಿಯನ್ನು ಮುಚ್ಚಿಡುವುದಿಲ್ಲ. ಮುದ್ರಣ ಆಯ್ಕೆಯನ್ನು 2ಕ್ಕೆ ಇಟ್ಟರೆ ಚಲನಶಾಸ್ತ್ರದ ಪ್ರಕಾರ ಶಾಖ ಇರಬಹುದಾದ ಮೇಲ್ಮಿತಿ, ಕೆಳಮಿತಿಗಳನ್ನು ಪಕ್ಕದಲ್ಲೇ ತೋರಿಸುತ್ತದೆ. ನನ್ನ ಮಟ್ಟಿಗೆ ಇದೇ ಇದರ ಅತಿ ದೊಡ್ಡ ಗುಣ: ಮೂಲ ದತ್ತಾಂಶದ ದೋಷ ಕಣ್ಣಿಗೆ ಬೀಳುತ್ತದೆ.

ಋಣಾತ್ಮಕ ಅಂಕಿ ಕಂಡ ಕೂಡಲೇ ಅದನ್ನು ಸೊನ್ನೆ ಮಾಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗಾಮಾ ಕಿರಣಗಳನ್ನೂ ಹಿಂಬಾಲಿಸುವ ಲೆಕ್ಕದಲ್ಲಿ, ಅವು ಹೆಚ್ಚಾಗಿ ಕೊಂಡೊಯ್ದ ಶಕ್ತಿಯನ್ನು ಈ ಕೊರತೆಯೇ ಸರಿದೂಗಿಸುತ್ತದೆ. ಸೊನ್ನೆ ಮಾಡಿದರೆ ಒಟ್ಟು ಶಕ್ತಿಯ ಲೆಕ್ಕವೇ ಕೆಡುತ್ತದೆ. ಪರಮಾಣುಗಳು ಜಾಗ ತಪ್ಪುವ ಹಾನಿಯ ಅಂದಾಜಿಗಂತೂ ಎಂಟಿ 444 ಬೇರೆಯೇ ಇದೆ. ಅಲ್ಲಿನ ಹಾನಿಶಕ್ತಿಯನ್ನು (ಪರಮಾಣುಗಳನ್ನು ಕದಲಿಸಲು ಸಿಗುವ ಶಕ್ತಿ) 0.8ರಿಂದ ಗುಣಿಸಿ, ಒಂದು ಪರಮಾಣುವನ್ನು ಕದಲಿಸಲು ಬೇಕಾದ ಶಕ್ತಿಯ, ಅಂದರೆ ಕಬ್ಬಿಣಕ್ಕೆ 40 ಎಲೆಕ್ಟ್ರಾನ್ ವೋಲ್ಟ್‌ನ, ಎರಡರಷ್ಟರಿಂದ ಭಾಗಿಸಿದರೆ ಸ್ಥಾನಪಲ್ಲಟಗಳ ಸಂಖ್ಯೆ ಸಿಗುತ್ತದೆ.

ಅನಿಲಗಳ ಲೆಕ್ಕಕ್ಕೆ ಗ್ಯಾಸ್ಪರ್ ಘಟಕವಿದೆ. ಹೈಡ್ರೋಜನ್‌ನಿಂದ ಹೀಲಿಯಂವರೆಗೆ ಎಂಟಿ 203ರಿಂದ 207ರ ತನಕ ಅಚ್ಚುಕಟ್ಟಾಗಿ ಕೂಡಿಸಿ ಕೊಡುತ್ತದೆ. ನಿಕಲ್ ಇರುವ ಮಿಶ್ರಲೋಹಕ್ಕೆ ಇದೊಂದೇ ಸಾಲದು. ನಿಕಲ್-58 ನ್ಯೂಟ್ರಾನ್ ಹಿಡಿದು ನಿಕಲ್-59 ಆಗಿ, ಅದು ಮತ್ತೊಂದು ನ್ಯೂಟ್ರಾನ್ ಹಿಡಿದು ಆಲ್ಫಾ ಕಣ ಉಗುಳುತ್ತದೆ. ಈ ಎರಡು ಹಂತದ ಹೀಲಿಯಂ ಬೇಕಿದ್ದರೆ ಐಸೊಟೋಪ್‌ಗಳ ಬದಲಾವಣೆಯನ್ನು ಕಾಲಕ್ಕೆ ತಕ್ಕಂತೆ ಲೆಕ್ಕ ಹಾಕುವ ಬೇರೆ ತಂತ್ರಾಂಶವೂ ಬೇಕು.

ಕಷ್ಟವಿರುವುದು ಇನ್‌ಪುಟ್‌ನಲ್ಲಿ. ಹೀಟರ್‌ಗೆ ಕೊಡುವ ‘2631 7 0 0 0 2’ ಎಂಬ ಸಾಲಿನಲ್ಲಿ ಯಾವ ಅಂಕಿ ಏನೆಂದು ಹೇಳುವ ಒಂದು ಹೆಸರೂ ಇಲ್ಲ. ಐದನೆಯ ಅಂಕಿಯನ್ನು 1 ಮಾಡಿದರೆ ಗಾಮಾ ಶಕ್ತಿಯೂ ಅಲ್ಲೇ ಬಿದ್ದಂತೆ. ಅದನ್ನು ಮರೆತು ಗಾಮಾ ಸಾಗಣೆಯನ್ನೂ ಲೆಕ್ಕಕ್ಕೆ ಹಾಕಿದರೆ ಅದೇ ಶಕ್ತಿ ಎರಡು ಸಲ ಎಣಿಕೆಯಾಗುತ್ತದೆ. ಕೈಪಿಡಿ ಮಾತ್ರ ಅಪರೂಪದ್ದು, ಪ್ರತಿ ಘಟಕದ ಭೌತಶಾಸ್ತ್ರವನ್ನೂ ಬಿಡಿಸಿ ಹೇಳುತ್ತದೆ. ಕೈಯಲ್ಲಿ ಇನ್‌ಪುಟ್ ಬರೆಯಲು ಬೇಸರವಿದ್ದವರು ಕಣಗಳ ಸಾಗಣೆಯನ್ನು ಲೆಕ್ಕ ಹಾಕುವ ಓಪನ್‌ಎಂಸಿ ತಂತ್ರಾಂಶದ ಪೈಥಾನ್ ಮೂಲಕ ಇದನ್ನು ಓಡಿಸಬಹುದು. ಅಲ್ಲಿ 301ರ ಜೊತೆಗೆ, ಗಾಮಾ ಸೇರಿದ ಶಾಖ 901 ಎಂಬ ಬೇರೆ ಸಂಖ್ಯೆಯಡಿ ಸಿಗುತ್ತದೆ.