ಬಾಯಲ್ಲಿ ಪುಷ್ಯರಾಗ, ಬಿಲ್ಲಿನಲ್ಲಿ ಟೋಪಾಜ್, ಉಂಗುರದಲ್ಲಿ ಸಿಟ್ರಿನ್

ಮುಂಬೈಯಲ್ಲಿ ಹಳದಿ ಹರಳಿನ ಉಂಗುರ ಮಾಡಿಸಬೇಕು ಅಂತಿರುವವರು ದಯವಿಟ್ಟು ಇದನ್ನು ಓದಿ, ಆಮೇಲೆ ಅಂಗಡಿಗೆ ಹೋಗಿ. ಡೊಂಬಿವಲಿಯಲ್ಲಿರುವ ನಮ್ಮ ಅಕ್ಕ ಮತ್ತು ಬಾವನಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ಬಾವನಿಗೆ ಗುರುಬಲ ಕಮ್ಮಿ ಇದೆ, ತೋರುಬೆರಳಿಗೆ ಪುಷ್ಯರಾಗ ಹಾಕಿಕೊಳ್ಳಲಿ ಅಂತ ಊರಿನ ಜೋಯಿಸರು ಹೇಳಿದ್ದರು. ನಂಬಿಕೆ ಅವರವರದ್ದು, ಅದರ ಬಗ್ಗೆ ನನ್ನ ತಕರಾರಿಲ್ಲ. ಕನ್ನಡದವರ ಒಂದು ಕಾರ್ಯಕ್ರಮದಲ್ಲಿ ಪರಿಚಯವಾದ ಒಬ್ಬರು, ನಮ್ಮ ಊರ ಕಡೆಯವರೇ, "ಝವೇರಿ ಬಜಾರ್ ಹತ್ತಿರ ಗೊತ್ತಿರೋ ಅಂಗಡಿ ಇದೆ, ಬನ್ನಿ ಅಣ್ಣ, ನಾನೇ ಮಾತಾಡಿ ಕಡಿಮೆ ಮಾಡಿಸ್ತೀನಿ" ಅಂತ ಕರೆದುಕೊಂಡು ಹೋದರು. ಅಂಗಡಿಯವನು ಹರಳಿನಿಂದ ಒಂದು ಗಾಜಿನ ತುಂಡಿನ ಮೇಲೆ ಗೀರಿ ತೋರಿಸಿದ. ಗೆರೆ ಬಿತ್ತು. ನೋಡಿ, ಅಸಲಿ ಅಂದ. ಹರಳಿಗೇ 38,000 ರೂಪಾಯಿ, ಚಿನ್ನ ಬೇರೆ. ಫೋಟೋ ಇರುವ ಒಂದು ಲ್ಯಾಮಿನೇಟ್ ಮಾಡಿದ ಕಾರ್ಡನ್ನೂ ಕೊಟ್ಟ.

ಆ ಗಾಜಿನ ಆಟದಿಂದ ಏನೂ ಗೊತ್ತಾಗುವುದಿಲ್ಲ. ಮೋಸ್ ಅಳತೆಯಲ್ಲಿ ಗಾಜಿನ ಗಡಸುತನ ಸುಮಾರು ಐದೂವರೆ. ಕ್ವಾರ್ಟ್ಸ್ ಅಂದರೆ ಬೆಣಚುಕಲ್ಲು 7, ಟೋಪಾಜ್ 8, ಪುಷ್ಯರಾಗ ಅಂದರೆ ಹಳದಿ ನೀಲಮಣಿ 9. ಮೂರೂ ಗಾಜನ್ನು ಗೀರುತ್ತವೆ. ಬೆಲೆಯಲ್ಲಿ ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲ.

ಉಂಗುರ ಬಿಗಿಯಾಗುತ್ತಿದೆ ಅಂತ ಅಕ್ಕ ಅದನ್ನು ಮನೆ ಹತ್ತಿರದ ಅಕ್ಕಸಾಲಿಗರ ಬಳಿ ತೆಗೆದುಕೊಂಡು ಹೋದಳು. ಅವರು ಭೂತಗನ್ನಡಿಯಲ್ಲಿ ನೋಡಿ, "ಇದ್ಯಾಕೋ ಪುಷ್ಯರಾಗ ಅನ್ನಿಸಲ್ಲ, ಒಮ್ಮೆ ಲ್ಯಾಬಿಗೆ ಕೊಟ್ಟು ನೋಡಮ್ಮ" ಅಂದರು. ನಾನೂ ಅಕ್ಕನ ಜೊತೆ ಹೋದೆ. ಲ್ಯಾಬಿನ ಹುಡುಗಿ ಒಂದು ಚಿಕ್ಕ ಯಂತ್ರದ ಗಾಜಿನ ಮೇಲೆ ಒಂದು ತೊಟ್ಟು ದ್ರವ ಬಿಟ್ಟು, ಉಂಗುರವನ್ನು ತಲೆಕೆಳಗಾಗಿ ಇಟ್ಟಳು. ಒಳಗಿನ ಅಳತೆಪಟ್ಟಿಯಲ್ಲಿ ನೆರಳು 1.54 ದಾಟಿ 1.55ರ ಹತ್ತಿರ ನಿಂತಿದ್ದನ್ನು ನಮಗೂ ತೋರಿಸಿದಳು. ಬೆಳಕು ಹರಳಿನೊಳಗೆ ಎಷ್ಟು ಬಾಗುತ್ತದೆ ಅನ್ನುವ ಲೆಕ್ಕ ಅದು. ಪುಷ್ಯರಾಗವಾಗಿದ್ದರೆ 1.76ರ ಆಸುಪಾಸು ಬರಬೇಕಿತ್ತು. ಟೋಪಾಜ್ ಆದರೂ 1.61ರಿಂದ 1.64ರ ಒಳಗೆ ಬರಬೇಕು. ಬಂದದ್ದು ಕ್ವಾರ್ಟ್ಸ್‌ನ ಅಂಕಿ. ಹಳದಿ ಕ್ವಾರ್ಟ್ಸೇ ಸಿಟ್ರಿನ್, ಇಲ್ಲಿಯ ಬಜಾರಿನಲ್ಲಿ ಸುನೇಲಾ ಅಂತಾರಲ್ಲ, ಅದೇ. ಪೇಟೆಗೆ ಬರುವ ಸಿಟ್ರಿನ್‌ನಲ್ಲಿ ಬಹುಪಾಲು ನೇರಳೆ ಬಣ್ಣದ ಅಮೆಥಿಸ್ಟನ್ನು ಕಾಯಿಸಿ ಹಳದಿ ಮಾಡಿದ್ದು. ಕೆಟ್ಟ ಕಲ್ಲು ಅಂತಲ್ಲ, ಚೆನ್ನಾಗಿಯೇ ಇರುತ್ತದೆ. ಆದರೆ ಕ್ಯಾರೆಟ್‌ಗೆ ಕೆಲವು ನೂರು ರೂಪಾಯಿಯ ಕಲ್ಲಿಗೆ 38,000 ಯಾರು ಕೊಡ್ತಾರೆ?

ಮನೆಗೆ ಬಂದು ಬಿಲ್ ತೆಗೆದು ನೋಡಿದರೆ ಅದರಲ್ಲಿ "ಗೋಲ್ಡನ್ ಟೋಪಾಜ್" ಅಂತಿದೆ. ಪುಷ್ಯರಾಗ ಅನ್ನುವ ಮಾತೇ ಇಲ್ಲ. ಅಂಗಡಿಗೆ ಹೋಗಿ ಕೇಳಿದ್ದಕ್ಕೆ, "ಪುಷ್ಯರಾಗ ಅಂತ ನಾವು ಎಲ್ಲಿ ಬರೆದಿದ್ದೀವಿ?" ಅಂದ. ಸರಿ, ಇದು ಟೋಪಾಜೂ ಅಲ್ವಲ್ಲ ಅಂದರೆ, ವ್ಯಾಪಾರದಲ್ಲಿ ಸುನೇಲಾಗೆ ಹಾಗೇ ಹೇಳೋದು ಅಂದ. ಕೊನೆಗೆ ಉಂಗುರದ ಒಳಗಿನ ಹಾಲ್‌ಮಾರ್ಕ್ ತೋರಿಸಿ ಸರ್ಕಾರದ ಮುದ್ರೆಯೇ ಇದೆ ಅಂತ ಗದರಿಸಿದ. ಬಿಐಎಸ್ ಹಾಲ್‌ಮಾರ್ಕ್ ಚಿನ್ನದ ಶುದ್ಧತೆಗೆ ಮಾತ್ರ. ಹರಳು ಯಾವುದು ಅಂತ ಅದು ಹೇಳುವುದಿಲ್ಲ. ಕರೆದುಕೊಂಡು ಹೋದವರು ಈಗ ಫೋನ್ ಎತ್ತುತ್ತಿಲ್ಲ. ನಮ್ಮ ಭಾಷೆ ಆಡಿ ನಂಬಿಸಿದವರು ಹೀಗೆ ಮಾಡಿದ್ದೇ ಅಕ್ಕನಿಗೆ ಜಾಸ್ತಿ ನೋವು.

ಹಾಗಾಗಿ ಕೊಳ್ಳುವ ಮುಂಚೆಯೇ ಕೆಲವು ಮಾತು ಖಡಾಖಂಡಿತವಾಗಿ ಹೇಳಿಬಿಡಿ. ಹರಳನ್ನು ಚಿನ್ನಕ್ಕೆ ಕೂರಿಸುವ ಮೊದಲು ಬಿಡಿಯಾಗಿ ನಾವೇ ಲ್ಯಾಬಿಗೆ ಒಯ್ಯುತ್ತೇವೆ ಅನ್ನಿ. ಬಿಡಿ ಹರಳಾದರೆ ತೂಕದಿಂದಲೂ ತಿಳಿಯುತ್ತದೆ, ಒಂದೇ ಗಾತ್ರದ ಸಿಟ್ರಿನ್‌ಗಿಂತ ಟೋಪಾಜ್ ಸುಮಾರು ಮೂರನೇ ಒಂದು ಪಾಲು ಹೆಚ್ಚು ತೂಗುತ್ತದೆ. ಅಂಗಡಿ ಕೊಡುವ ಕಾರ್ಡಿಗೆ ಬೆಲೆ ಕೊಡಬೇಡಿ. ಬಿಲ್ಲಿನಲ್ಲಿ ಕಲ್ಲಿನ ನಿಜವಾದ ಹೆಸರು, ಕಾಯಿಸಿದ್ದೋ ಬಣ್ಣ ಹಾಕಿದ್ದೋ ಅನ್ನುವುದು, ತೂಕ ಕ್ಯಾರೆಟ್‌ನಲ್ಲಿ, ಇಷ್ಟೂ ಬರೆಸಿ. ಕ್ಯಾರೆಟ್ ಅಂದರೆ 0.2 ಗ್ರಾಂ, ಎಲ್ಲಿ ಹೋದರೂ ಅಷ್ಟೇ. ರತ್ತಿ ಅನ್ನುವ ಹಳೆಯ ತೂಕ ಹಾಗಲ್ಲ, ಅಂಗಡಿಯಿಂದ ಅಂಗಡಿಗೆ ಲೆಕ್ಕ ಬದಲಾಗುತ್ತದೆ. ಕಚ್ಚಾ ಚೀಟಿ ಬೇಡವೇ ಬೇಡ, ಜಿಎಸ್‌ಟಿ ಬಿಲ್ಲೇ ಕೇಳಿ.

ಟೋಪಾಜೇ ಬೇಕು ಅನ್ನುವವರಿಗೂ ಎರಡು ಮಾತು. ಗಣಿಯಲ್ಲಿ ಸಿಗುವ ಟೋಪಾಜ್‌ಗೆ ಹೆಚ್ಚಾಗಿ ಬಣ್ಣವೇ ಇರುವುದಿಲ್ಲ. ಲಂಡನ್ ಬ್ಲೂ, ಸ್ವಿಸ್ ಬ್ಲೂ ಅಂತ ಮಾರುವುದೆಲ್ಲ ಅಂಥ ಬಿಳಿ ಕಲ್ಲಿಗೆ ವಿಕಿರಣ ಹಾಯಿಸಿ, ಕಾಯಿಸಿ ನೀಲಿ ಮಾಡಿದ್ದು. ಅಪರೂಪದ ನೈಸರ್ಗಿಕ ನೀಲಿ ಅಂದರೆ ಎದ್ದು ಬನ್ನಿ. ಕಾಮನಬಿಲ್ಲಿನ ಬಣ್ಣದ ಮಿಸ್ಟಿಕ್ ಟೋಪಾಜ್ ಮೇಲೆ ತೆಳು ಲೇಪನ ಇರುತ್ತದೆ, ಉಜ್ಜಿದರೆ ಹೋಗುತ್ತದೆ. ಸ್ಮೋಕಿ ಟೋಪಾಜ್ ಅನ್ನುವುದು ಕಂದು ಕ್ವಾರ್ಟ್ಸ್. ನಿಜಕ್ಕೂ ದುಬಾರಿಯಾದದ್ದು ಇಂಪೀರಿಯಲ್ ಟೋಪಾಜ್, ಕಿತ್ತಳೆ-ಗುಲಾಬಿ ಛಾಯೆಯದ್ದು, ಬ್ರೆಜಿಲ್‌ನ ಊರೊ ಪ್ರೆಟೊ ಕಡೆ ಸಿಗುತ್ತದೆ. ಯಾವ ಟೋಪಾಜ್ ಆದರೂ ಒಂದು ದಿಕ್ಕಿನಲ್ಲಿ ಪೆಟ್ಟು ಬಿದ್ದರೆ ನೇರವಾಗಿ ಸೀಳುತ್ತದೆ. ಅಂಗಡಿಯವರು ತೊಳೆದುಕೊಡ್ತೀವಿ ಅಂತ ಕಂಪನದಿಂದ ತೊಳೆಯುವ ಅಲ್ಟ್ರಾಸಾನಿಕ್ ಯಂತ್ರಕ್ಕೆ ಹಾಕಲು ಹೊರಟರೆ ತಡೆಯಿರಿ.

ನಾವು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ಬಿಲ್ಲು, ಕಾರ್ಡು, ಲ್ಯಾಬ್ ವರದಿ ಮೂರನ್ನೂ ಜೋಡಿಸಿ ಇಟ್ಟಿದ್ದೇವೆ. ದೂರು ಹೋದ ಮೇಲೆ ಅಂಗಡಿಯವನ ದನಿ ಮೆತ್ತಗಾಗಿದೆ, ಬೇರೆ ಹರಳು ಕೊಡ್ತೀನಿ ಅನ್ನುತ್ತಿದ್ದಾನೆ. ಅಕ್ಕ ಒಪ್ಪಿಲ್ಲ, ದುಡ್ಡೇ ವಾಪಸ್ ಬೇಕು ಅಂತ ಕೂತಿದ್ದಾಳೆ. ಅವಳು ಹೇಳುವುದೇ ಸರಿ. ಅದೇ ಅಂಗಡಿಯ ಇನ್ನೊಂದು ಕಲ್ಲನ್ನು ಯಾವ ಧೈರ್ಯದ ಮೇಲೆ ತರುವುದು?